ಕವರ್ ಬಿಚ್ಚದೇ ಕೊಟ್ಟ ಉತ್ತರ: ಮೈಸೂರಿನ ಹಾಬಿ ಅಂಗಡಿಯೊಂದರ ಪ್ರಕರಣ ಅಧ್ಯಯನ

ಡ್ರೋನ್, ಮಾಡೆಲ್ ವಿಮಾನದ ಸಾಮಾನು ಮಾರುವ ಮೈಸೂರಿನ ಒಂದು ಹಾಬಿ ಅಂಗಡಿಗೆ ಪುಟ್ಟ ಮಾಡೆಲ್ ರೈಲು ಎಂಜಿನ್ ಒಂದನ್ನು ರಿಪೇರಿಗೆ ಕೊಟ್ಟಿದ್ದು ಗೌರಿ ಹಬ್ಬದ ವಾರದಲ್ಲಿ. ವಾಪಸ್ ಕೈಗೆ ಬಂದಿದ್ದು ಕಾರ್ತಿಕ ಮಾಸದ ಕೊನೆಗೆ. ರಿಪೇರಿ ಆಗಿರಲಿಲ್ಲ. ಅದಕ್ಕಿಂತ ಬೇಸರದ ವಿಷಯ ಅಂದರೆ, ಅಷ್ಟು ದಿನದಲ್ಲಿ ಯಾರೂ ಅದನ್ನು ಬಿಚ್ಚಿಯೇ ನೋಡಿರಲಿಲ್ಲ. ಆದರೂ ಹೋದಾಗಲೆಲ್ಲ ಒಂದೇ ಉತ್ತರ: "ಸ್ಪೇರ್ ಬರಬೇಕು ಸಾರ್."

ನಾನು ಮಿಕ್ಸಿ, ಫ್ರಿಡ್ಜ್, ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಸರ್ವಿಸ್ ಸೆಂಟರ್ ಒಂದರಲ್ಲಿ ಕೌಂಟರ್ ನೋಡಿಕೊಳ್ಳುವವಳು. ಗಿರಾಕಿಗಳ ಸಿಟ್ಟು ನನಗೆ ಹೊಸದಲ್ಲ. ಅಂಗಡಿಯವರ ಕಷ್ಟವೂ ಗೊತ್ತು. ಹಾಗಾಗಿ ಇದನ್ನು ಬರೀ ದೂರು ಅಂತ ಬರೆಯದೆ, ಎಲ್ಲಿ ಏನು ತಪ್ಪಿತು ಅಂತ ಹಂತ ಹಂತವಾಗಿ ನೋಡಬೇಕು ಅನ್ನಿಸಿತು. ಅಂಗಡಿಯ ಹೆಸರು ಇಲ್ಲಿ ಬೇಡ. ಇದೇ ರೀತಿ ನಡೆಯುವ ರಿಪೇರಿ ಅಂಗಡಿಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ.

ಎಂಜಿನ್ನು, ಅದರ ಯಜಮಾನರು

ಎಂಜಿನ್ ನಮ್ಮ ದೊಡ್ಡಪ್ಪನದು. ಅವರು ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರಿಗಿರುವ ರೈಲು ಮ್ಯೂಸಿಯಂ 1979ರಲ್ಲಿ ಶುರುವಾಯಿತು. ನಾವು ಚಿಕ್ಕವರಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿ, ಒಂದೊಂದು ಎಂಜಿನ್ ಎದುರೂ ನಿಲ್ಲಿಸಿ ಪಾಠ ಹೇಳುತ್ತಿದ್ದರು. ನಿವೃತ್ತಿ ಆದಮೇಲೆ ಮಾಡೆಲ್ ರೈಲಿನ ಹವ್ಯಾಸ ಹಿಡಿಯಿತು. ದುಡ್ಡು ಕೂಡಿಸಿ ಒಂದು ಎಂಜಿನ್, ನಾಲ್ಕು ಬೋಗಿ, ಒಂದಿಷ್ಟು ಹಳಿ ಕೊಂಡರು.

ಈ ಹವ್ಯಾಸದ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಒಂದು ಚಿಕ್ಕ ಬಿಡಿಭಾಗಕ್ಕೆ ಇಷ್ಟೆಲ್ಲ ಯಾಕೆ ಅಂತ ಅನ್ನಿಸುತ್ತದೆ. ದೊಡ್ಡಪ್ಪನ ಹತ್ತಿರ ಇರುವುದು ಎಚ್‌ಒ ಸ್ಕೇಲ್‌ನದು. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಇದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರ್ ಬರುತ್ತದೆ. ಅದು ಅಮೆರಿಕ, ಯುರೋಪಿನ ಅಳತೆ. ನಮ್ಮ ಕಡೆ ಬೆಂಗಳೂರಿನ ಮೆಟ್ರೊ ಹಳಿಗೂ ಅದೇ ಅಳತೆ. ಆದರೆ ಮೈಸೂರು ಸ್ಟೇಷನ್ನಿನಲ್ಲಿ ನಾವು ಕಾಣುವ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು ಇದೇ ಸ್ಕೇಲ್‌ಗೆ ಇಳಿಸಿದರೆ 19 ಮಿಲಿಮೀಟರ್ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಗೆ ಅದು ಕೂರುವುದಿಲ್ಲ. ಹಾಗಾಗಿ ಸಿಗುವ ಸಾಮಾನೆಲ್ಲ ಹೆಚ್ಚುಕಡಿಮೆ ಹೊರದೇಶದ್ದು. ದೊಡ್ಡಪ್ಪನ ಎಂಜಿನ್ನೂ ಅಮೆರಿಕದ ಕಂಪನಿಯದು, ತಯಾರಾಗಿದ್ದು ಚೀನಾದಲ್ಲಿ. ಅದರ ಒಳಗಿನ ಒಂದು ಹಲ್ಲಿನ ಚಕ್ರ ಮುರಿದರೂ ಸಯ್ಯಾಜಿರಾವ್ ರಸ್ತೆಯಲ್ಲಿ ಸಿಗುವುದಿಲ್ಲ.

ಪ್ರತಿ ದಸರಾಕ್ಕೆ ಅವರ ಮನೆಯಲ್ಲಿ ಬೊಂಬೆ ಕೂರಿಸುತ್ತಾರೆ. ಪಟ್ಟದ ಬೊಂಬೆ, ಜಂಬೂ ಸವಾರಿ, ಚಾಮುಂಡಿ ಬೆಟ್ಟ ಎಲ್ಲ ಇರುತ್ತದೆ. ಮೆಟ್ಟಿಲುಗಳ ಸುತ್ತ ಈ ರೈಲು ಓಡುತ್ತದೆ. ಬೊಂಬೆ ಬಾಗಿನಕ್ಕೆ ಬರುವ ನಮ್ಮ ಬೀದಿಯ ಮಕ್ಕಳೆಲ್ಲ ಮೊದಲು ಕೂರುವುದು ರೈಲಿನ ಹತ್ತಿರ. ಆ ವರ್ಷ ಹಬ್ಬಕ್ಕೆ ಮುಂಚೆ ಓಡಿಸಿ ನೋಡಿದಾಗ ಎಂಜಿನ್ ಕುಂಟುತ್ತಿತ್ತು. ಚಕ್ರದ ಒಂದೊಂದು ಸುತ್ತಿಗೂ "ಟಕ್" ಅನ್ನುವ ಸದ್ದು. ನಿಧಾನಕ್ಕೆ ಓಡಿಸಿದರೆ ಆ ಜಾಗಕ್ಕೆ ಬಂದು ನಿಂತೇ ಬಿಡುತ್ತಿತ್ತು.

ದೊಡ್ಡಪ್ಪ ಸದ್ದು ಕೇಳಿದ ತಕ್ಷಣ ಹೇಳಿದರು: "ಇದು ಮೋಟಾರ್ ಅಲ್ಲಮ್ಮ, ಗೇರು. ಆಕ್ಸಲ್ ಮೇಲಿನ ಗೇರು ಸೀಳಿದೆ." ಈ ರೋಗ ಈ ಹವ್ಯಾಸದವರಿಗೆಲ್ಲ ಗೊತ್ತಿರುವುದೇ. ಉಕ್ಕಿನ ಆಕ್ಸಲ್ ಮೇಲೆ ಪ್ಲಾಸ್ಟಿಕ್ ಗೇರನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಆ ಬಿಗಿತಕ್ಕೆ ಪ್ಲಾಸ್ಟಿಕ್ ಸೀಳುತ್ತದೆ. ಸೀಳಿದ ಕಡೆ ಎರಡು ಹಲ್ಲುಗಳ ನಡುವಿನ ಅಂತರ ಜಾಸ್ತಿ ಆಗುತ್ತದೆ. ಪಕ್ಕದ ಗೇರು ಅಲ್ಲಿಗೆ ಬಂದಾಗ ಸರಿಯಾಗಿ ಕೂರದೆ ಎಗರುತ್ತದೆ. ಅಂಟು ಹಾಕಿದರೆ ನಿಲ್ಲುವುದಿಲ್ಲ, ಯಾಕೆಂದರೆ ಈ ಗೇರುಗಳಿಗೆ ಸಾಮಾನ್ಯವಾಗಿ ಬಳಸುವ ಅಸಿಟಾಲ್ ಪ್ಲಾಸ್ಟಿಕ್ ಸೂಪರ್‌ಗ್ಲೂ ಹಿಡಿಯುವುದಿಲ್ಲ. ಹೊಸ ಗೇರು ಹಾಕುವುದೊಂದೇ ದಾರಿ.

ವರ್ಕ್‌ಶಾಪ್‌ನಲ್ಲಿ ದೊಡ್ಡ ದೊಡ್ಡ ಕೆಲಸ ಮಾಡಿದ ಕೈ ಅದು. ಆದರೆ ಈಗ ನಡುಗುತ್ತದೆ. ಅಷ್ಟು ಚಿಕ್ಕ ಸ್ಕ್ರೂ ಬಿಚ್ಚುವುದು ಅವರಿಗೆ ಕಷ್ಟ. ಅದಕ್ಕೇ ಅಂಗಡಿಗೆ ಕೊಟ್ಟರು.

ಕೌಂಟರಿನಲ್ಲಿ ನಡೆದದ್ದು

ಎಂಜಿನ್ನನ್ನು ಒಂದು ಕವರಿನಲ್ಲಿ ಹಾಕಿ, ಬಾಯಿಗೆ ಕಂದು ಟೇಪ್ ಅಂಟಿಸಿ, ಟೇಪಿನ ಮೇಲೂ ಕವರಿನ ಮೇಲೂ ಬರುವಂತೆ ನೀಲಿ ಬಾಲ್‌ಪೆನ್ನಿನಲ್ಲಿ ಸಹಿ ಹಾಕಿ ತಾರೀಕು ಬರೆದಿದ್ದರು. ವರ್ಕ್‌ಶಾಪಿನಿಂದ ಬಂದ ಅಭ್ಯಾಸ. ಒಳಗೆ ಒಂದು ಚೀಟಿ: "ಆಕ್ಸಲ್ ಗೇರು ಸೀಳಿರಬಹುದು. ದಸರಾಗೆ ಬೇಕು." ಕೌಂಟರಿನ ಹುಡುಗ ಕವರ್ ತೆಗೆದುಕೊಂಡ. 500 ರೂಪಾಯಿ ಅಡ್ವಾನ್ಸ್ ತೆಗೆದುಕೊಂಡ. ರಸೀದಿ ಕೇಳಿದ್ದಕ್ಕೆ ಅಂಗಡಿಯ ವಿಸಿಟಿಂಗ್ ಕಾರ್ಡ್ ಹಿಂದೆ ಒಂದು ನಂಬರ್ ಬರೆದುಕೊಟ್ಟ. "ಮುಂದಿನ ವಾರ ಫೋನ್ ಮಾಡ್ತೀವಿ ಸಾರ್" ಅಂದ.

ಫೋನ್ ಬರಲಿಲ್ಲ. ದೊಡ್ಡಪ್ಪನೇ ಮಾಡಿದರೆ ಯಾರೂ ಎತ್ತಲಿಲ್ಲ. ವಾಟ್ಸಾಪ್ ಮೆಸೇಜಿಗೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಕೊನೆಗೆ ಸಿಟಿ ಬಸ್ ಹತ್ತಿ ತಾವೇ ಹೋಗಲು ಶುರು ಮಾಡಿದರು.

ಆ ಅಂಗಡಿಯ ಶನಿವಾರ ಸಂಜೆಯನ್ನು ನಾನೂ ನೋಡಿದ್ದೇನೆ. ಗಾಜಿನ ಕೌಂಟರ್ ಒಳಗೆ ಪ್ರೊಪೆಲ್ಲರ್, ಸರ್ವೊ ಮೋಟಾರ್, ಡ್ರೋನ್ ಬ್ಯಾಟರಿ. ಹಿಂದೆ ಗೋಡೆ ತುಂಬ ವಿಮಾನದ ಕಿಟ್‌ಗಳು. ಎಸ್‌ಜೆಸಿಇ, ಎನ್‌ಐಇ ಎಂಜಿನಿಯರಿಂಗ್ ಕಾಲೇಜುಗಳ ಕಡೆಯ ಹುಡುಗರು ಪ್ರಾಜೆಕ್ಟ್ ಪಟ್ಟಿ ಮೊಬೈಲಿನಲ್ಲಿ ಹಿಡಿದು ನಿಂತಿರುತ್ತಾರೆ. ಟೋಕನ್ ಇಲ್ಲ, ಸಾಲು ಇಲ್ಲ, ಕೂರಲು ಒಂದು ಸ್ಟೂಲೂ ಇಲ್ಲ. ಯಾರು ಜೋರಾಗಿ ಕೇಳುತ್ತಾರೋ ಅವರ ಕೆಲಸ ಮೊದಲು. ನಡುವೆ ಫೋನ್ ಬಂದರೆ ಎದುರಿಗಿರುವವರನ್ನು ಬಿಟ್ಟು ಫೋನಿನವರಿಗೆ ಉತ್ತರ. ಬಟ್ಟೆ ಚೀಲ ಹಿಡಿದು ಪಕ್ಕದಲ್ಲಿ ಸುಮ್ನೆ ನಿಂತ ಎಪ್ಪತ್ತು ದಾಟಿದ ಒಬ್ಬರು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡಪ್ಪ ಜೋರಾಗಿ ಮಾತಾಡುವವರೂ ಅಲ್ಲ.

ಅವರಿಗೆ ಸಿಕ್ಕ ಉತ್ತರಗಳು ಹೀಗಿದ್ದವು. "ಸ್ಪೇರ್ ಬರಬೇಕು ಸಾರ್." "ಓನರ್ ಈಗ ತಾನೇ ಹೊರಗೆ ಹೋದರು, ಸಂಜೆ ಬನ್ನಿ." "ರಿಪೇರಿಯವರು ಊರಿಗೆ ಹೋಗಿದ್ದಾರೆ." "ಪಾರ್ಸೆಲ್ ಚೆನ್ನೈನಲ್ಲಿ ಕಸ್ಟಮ್ಸ್‌ನಲ್ಲಿದೆ." "ಮಂಗಳವಾರ ಖಂಡಿತ." ಮಂಗಳವಾರ ಹೋದರೆ ಹುಡುಗ ಬೇರೆ. ಅವನಿಗೆ ಏನೂ ಗೊತ್ತಿಲ್ಲ. ಮತ್ತೆ ಮೊದಲಿನಿಂದ ಹೇಳಬೇಕು.

ದಸರಾ ಬಂತು, ಹೋಯಿತು. ಬೋಗಿಗಳನ್ನು ಹಳಿ ಮೇಲೆ ನಿಲ್ಲಿಸಿಟ್ಟಿದ್ದರು. "ತಾತ, ಈ ಸಲ ರೈಲು ಓಡಲ್ವಾ?" ಅಂತ ಮಕ್ಕಳು ಕೇಳಿದಾಗಲೆಲ್ಲ "ಎಂಜಿನ್ ಆಸ್ಪತ್ರೆಗೆ ಹೋಗಿದೆ ಪುಟ್ಟ" ಅನ್ನುತ್ತಿದ್ದರು.

ಸಹಿ ಹಾಗೇ ಇತ್ತು

ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ವಾರದ ನಡುವೆ, ಊಟದ ಹೊತ್ತಿಗೆ ಮುಂಚೆ ಹೋಗಬೇಕು ಅಂತ ಬೇಕಂತಲೇ ಆ ಸಮಯ ಆರಿಸಿದ್ದೆ. ಕೌಂಟರಿನಲ್ಲಿ ಜನ ಇರಲಿಲ್ಲ. ಹುಡುಗ ಎಂದಿನಂತೆ "ಸ್ಪೇರ್ ಬರಬೇಕು ಮೇಡಂ" ಅಂದ.

ನಾನು ಜಗಳಕ್ಕೆ ಹೋಗಲಿಲ್ಲ. "ಸರಿ, ಸ್ಪೇರ್ ಬಂದಾಗ ಹಾಕಿ. ಈಗ ಎಂಜಿನ್ ಒಂದು ಸಲ ತೋರಿಸಿ" ಅಂದೆ. ನಮ್ಮ ಸೆಂಟರ್‌ನಲ್ಲಿ ಗಿರಾಕಿ ಕೇಳಿದರೆ ನಾವು ತೋರಿಸಲೇಬೇಕು. ಹುಡುಗ ಒಳಗೆ ಹೋದ. ಎಷ್ಟೋ ಹೊತ್ತು ಹುಡುಕಿದ. ಒಂದು ರಟ್ಟಿನ ಡಬ್ಬವನ್ನೇ ಎತ್ತಿಕೊಂಡು ಬಂದು ಕೌಂಟರ್ ಮೇಲೆ ಇಟ್ಟ. ಅದರ ತುಂಬ ಕವರುಗಳು, ಮುರಿದ ಡ್ರೋನ್ ತೋಳುಗಳು, ರಿಮೋಟ್‌ಗಳು, ಒಂದು ಆಟದ ಹೆಲಿಕಾಪ್ಟರ್. ಕೆಲವಕ್ಕೆ ಹೆಸರಿನ ಚೀಟಿ ಇತ್ತು. ಕೆಲವಕ್ಕೆ ಅದೂ ಇರಲಿಲ್ಲ. ತಳದಲ್ಲಿ ದೊಡ್ಡಪ್ಪನ ಕವರ್ ಸಿಕ್ಕಿತು.

ಕಂದು ಟೇಪ್ ಅಂಟಿದ ಹಾಗೇ ಇತ್ತು. ಟೇಪಿನಿಂದ ಕವರಿಗೆ ದಾಟುವ ಸಹಿಯ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಕೆಳಗೆ ಗೌರಿ ಹಬ್ಬದ ವಾರದ ತಾರೀಕು. ದೊಡ್ಡಪ್ಪ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೇರಿಸಿ, ಬೆರಳಿನಿಂದ ಆ ಗೆರೆ ಸವರಿ ನೋಡಿದರು. ಹುಡುಗನ ಮುಖ ಸಣ್ಣದಾಯಿತು. ಅವನಿಗೂ ಆಗಲೇ ಗೊತ್ತಾಗಿದ್ದು.

"ಯಾವ ಸ್ಪೇರ್ ಬರಬೇಕಿತ್ತಪ್ಪ?" ಅಂತ ದೊಡ್ಡಪ್ಪ ಕೇಳಿದರು. ದನಿ ಏರಿಸಲಿಲ್ಲ. ಹುಡುಗ ನಿಜ ಹೇಳಿದ: "ಸಾರ್, ರಿಪೇರಿ ಯಾರು ಕೇಳಿದರೂ ಸ್ಪೇರ್ ಬರಬೇಕು ಅಂತ ಹೇಳು ಅಂದಿದ್ದಾರೆ."

ಈ ಪ್ರಕರಣದ ತಿರುಳು ಇಲ್ಲೇ ಇದೆ. ಎರಡು ತಿಂಗಳಿಗೂ ಮೀರಿ ನಾವು ಒಂದು ಬಿಡಿಭಾಗಕ್ಕೆ ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ನಿಜವಾಗಿ ಆ ಭಾಗವನ್ನು ಯಾರೂ ತರಿಸಲು ಹೇಳಿರಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ. ಕವರ್ ಬಿಚ್ಚದೆ ಯಾವ ಗೇರು, ಎಷ್ಟು ಹಲ್ಲು, ಆಕ್ಸಲ್ ಎಷ್ಟು ದಪ್ಪ ಅಂತ ಯಾರಿಗೆ ಗೊತ್ತಾಗಬೇಕು?

ತಪ್ಪಿದ್ದು ಎಲ್ಲಿ

ರಿಪೇರಿ ಅಂಗಡಿಯಲ್ಲಿ ಕಾಯುವುದು ಮೂರು ಕಡೆ. ಕೌಂಟರ್ ಎದುರು ಕಾಯಬೇಕು. ವಸ್ತುವನ್ನು ಬಿಚ್ಚಿ ನೋಡುವವರೆಗೆ ಕಾಯಬೇಕು. ಬೇಕಾದ ಭಾಗ ಬರುವವರೆಗೆ ಕಾಯಬೇಕು. ಮೂರನೆಯದು ಅಂಗಡಿಯವರ ಕೈಯಲ್ಲಿ ಪೂರ್ತಿ ಇಲ್ಲ. ಮೊದಲ ಎರಡು ಪೂರ್ತಿ ಅವರ ಕೈಯಲ್ಲೇ ಇವೆ. ಈ ಅಂಗಡಿಯವರು ಎರಡನೆಯ ಕಾಯುವಿಕೆಯನ್ನು ಮೂರನೆಯದರ ಹೆಸರಿನಲ್ಲಿ ಮುಚ್ಚಿಟ್ಟರು. ಅದು ನನಗೆ ಎಲ್ಲಕ್ಕಿಂತ ನೋವು ತಂದ ವಿಷಯ. ತಡವಾದರೆ ಜನ ಸಹಿಸುತ್ತಾರೆ. ಇಲ್ಲದ ಕಾರಣಕ್ಕೆ ಕಾಯಿಸಿದರೆ ಅದು ಅವರ ಬದುಕಿನ ದಿನಗಳನ್ನು ಕದ್ದ ಹಾಗೆ.

ಮೂರನೆಯ ಕಾಯುವಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಈ ವ್ಯಾಪಾರದ ಕಷ್ಟ ನಿಜವಾದದ್ದೇ. ಕಸ್ಟಮ್ಸ್ ಪಟ್ಟಿಯಲ್ಲಿ ಎಲೆಕ್ಟ್ರಿಕ್ ರೈಲು, ಸ್ಕೇಲ್ ಮಾಡೆಲ್‌ಗಳೆಲ್ಲ ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು. 2023ರಲ್ಲಿ ಶೇ 70 ಆಯಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಡ್ರೋನ್ ವಿಷಯದಲ್ಲಿ 2022ರ ಫೆಬ್ರವರಿಯಲ್ಲಿ ಪೂರ್ತಿ ಡ್ರೋನ್ ಆಮದನ್ನೇ ನಿಲ್ಲಿಸಿದರು, ಬಿಡಿಭಾಗಗಳಿಗೆ ಮಾತ್ರ ಅವಕಾಶ ಉಳಿಯಿತು. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸಲು ಬೇರೆಯೇ ಕಟ್ಟುನಿಟ್ಟು. ಇಂಥ ನಿಯಮಗಳ ನಡುವೆ ಒಂದು ಚಿಕ್ಕ ಅಂಗಡಿ ನಡೆಸುವುದು ಸುಲಭ ಅಲ್ಲ. ಆದರೆ ಇದೇ ಕಾರಣಕ್ಕೆ "ಕಸ್ಟಮ್ಸ್" ಅನ್ನುವ ಉತ್ತರ ಎಲ್ಲರೂ ನಂಬುವ ಉತ್ತರ ಆಗಿಬಿಟ್ಟಿದೆ. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ.

ಎರಡನೆಯ ಕಾಯುವಿಕೆಗೆ ಬರೋಣ. ಇದಕ್ಕೆ ಒಂದು ಸರಳ ಲೆಕ್ಕ ಇದೆ. ಜಾನ್ ಲಿಟಲ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಳಗೆ ಎಷ್ಟು ಕೆಲಸ ಬಾಕಿ ಇದೆಯೋ ಅದನ್ನು ವಾರಕ್ಕೆ ಎಷ್ಟು ಕೆಲಸ ಮುಗಿಯುತ್ತದೋ ಅದರಿಂದ ಭಾಗಿಸಿ. ಸರಾಸರಿ ಎಷ್ಟು ವಾರ ಕಾಯಬೇಕು ಅಂತ ಗೊತ್ತಾಗುತ್ತದೆ. ಡಬ್ಬದಲ್ಲಿ 40 ಸಾಮಾನು ಇವೆ, ವಾರಕ್ಕೆ 2 ಮುಗಿಯುತ್ತವೆ ಅಂತಿಟ್ಟುಕೊಳ್ಳಿ. 20 ವಾರ ಆಯಿತು. ಅಂದರೆ ಹೆಚ್ಚುಕಡಿಮೆ ಐದು ತಿಂಗಳು. ಇಷ್ಟು ಬಾಕಿ ಇರುವಾಗ ಹೊಸಬರಿಗೆ "ಮುಂದಿನ ವಾರ" ಅಂತ ಹೇಳುವುದು ಸಾಧ್ಯವೇ ಇಲ್ಲದ ಮಾತು. ಡಬ್ಬ ನೋಡಿದ ಯಾರಿಗಾದರೂ ಇದು ಹೊಳೆಯಬೇಕಿತ್ತು. ಆದರೆ ಅಲ್ಲಿ ಎಣಿಸುವವರು ಇರಲಿಲ್ಲ. ಸಾಮಾನು ಒಳಗೆ ತೆಗೆದುಕೊಳ್ಳಲು ಮಿತಿ ಇರಲಿಲ್ಲ. ಮಾಡುವವರು ಮಾತ್ರ ಒಬ್ಬರು, ಅವರೂ ವಾರದಲ್ಲಿ ಬಿಡುವಾದಾಗ ಬರುವವರು.

ಇನ್ನು, ದೋಷ ಕೌಂಟರಿನ ಹುಡುಗರದ್ದು ಅಂತ ನೋಡಿದವರು ಹೇಳಬಹುದು. ನಾನು ಒಪ್ಪುವುದಿಲ್ಲ. ಆ ಹುಡುಗನಿಗೆ "ಆಗಲ್ಲ" ಅನ್ನುವ ಅಧಿಕಾರ ಇರಲಿಲ್ಲ. "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನಲು ಕೇಳುವ ಜಾಗವೂ ಇರಲಿಲ್ಲ. ಯಾವ ಸಾಮಾನು ಎಲ್ಲಿದೆ, ಯಾವುದಕ್ಕೆ ಏನು ಬೇಕು ಅನ್ನುವುದೆಲ್ಲ ಓನರ್ ತಲೆಯಲ್ಲಿ, ಇಲ್ಲ ಅವರ ಮೊಬೈಲಿನಲ್ಲಿ. ಅವರು ಎದುರಿಗಿಲ್ಲದಾಗ ಹುಡುಗನ ಹತ್ತಿರ ಉಳಿಯುವುದು ಹೇಳಿಕೊಟ್ಟ ಒಂದು ವಾಕ್ಯ. ಬೈಗುಳ ತಿನ್ನುವವನು ಅವನು. ಸಂಬಳ ಕಡಿಮೆ, ಅದಕ್ಕೇ ಹುಡುಗರು ಪದೇ ಪದೇ ಬದಲಾಗುತ್ತಾರೆ. ಹುಡುಗ ಬದಲಾದಾಗಲೆಲ್ಲ ಗಿರಾಕಿಯ ಕಥೆ ಮತ್ತೆ ಶುರುವಿನಿಂದ.

ಕಾನೂನು ಏನು ಹೇಳುತ್ತದೆ

ಇದನ್ನು ತಿಳಿದುಕೊಳ್ಳಲು ನಾನು ಸ್ವಲ್ಪ ಓದಿದೆ. ರಿಪೇರಿಗೆ ಕೊಟ್ಟ ವಸ್ತುವಿನ ವಿಷಯ 1872ರ ಕರಾರು ಕಾಯ್ದೆಯಲ್ಲೇ ಇದೆ. ವಸ್ತು ನಿಮ್ಮದೇ ಆಗಿರುತ್ತದೆ. ಸಾಮಾನ್ಯ ವಿವೇಕ ಇರುವವರು ತಮ್ಮ ಸಾಮಾನನ್ನು ಎಷ್ಟು ಜೋಪಾನ ಮಾಡುತ್ತಾರೋ ಅಷ್ಟೇ ಜೋಪಾನವಾಗಿ ಅಂಗಡಿಯವರು ಅದನ್ನು ನೋಡಿಕೊಳ್ಳಬೇಕು ಅನ್ನುತ್ತದೆ 151ನೇ ಸೆಕ್ಷನ್. ಅವರ ತಪ್ಪಿನಿಂದ ಸರಿಯಾದ ಸಮಯಕ್ಕೆ ವಾಪಸ್ ಕೊಡದಿದ್ದರೆ ಅಲ್ಲಿಂದ ಮುಂದೆ ಆ ವಸ್ತುವಿಗೆ ಆಗುವ ನಷ್ಟಕ್ಕೆ ಅವರೇ ಹೊಣೆ ಅನ್ನುತ್ತದೆ 161ನೇ ಸೆಕ್ಷನ್. ಚೀಟಿ ಇಲ್ಲದ ಡಬ್ಬದ ತಳ ಜೋಪಾನದ ಜಾಗ ಅಲ್ಲ.

ಇನ್ನೊಂದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. ಇದು 2020ರ ಜುಲೈಯಿಂದ ಜಾರಿಯಲ್ಲಿದೆ. ಕೊಟ್ಟ ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತದೆ. ಮೊದಲು 1915ಕ್ಕೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ನಿಂತು ಹೇಳಬಹುದು. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ದೂರು ಕೊಡಬೇಕು.

ದೊಡ್ಡಪ್ಪ ಇದನ್ನೆಲ್ಲ ಕೇಳಿ "ಕೋರ್ಟು ಕಚೇರಿ ಬೇಡಮ್ಮ, ನನ್ನ ಎಂಜಿನ್ ನನಗೆ ಬಂದರೆ ಸಾಕು" ಅಂದರು. ನನಗೂ ಅದೇ ಸರಿ ಅನ್ನಿಸಿತು. ಆದರೆ ಹಕ್ಕು ಏನು ಅಂತ ಗೊತ್ತಿದ್ದು ಸುಮ್ಮನಿರುವುದು ಬೇರೆ, ಗೊತ್ತಿಲ್ಲದೆ ಸುಮ್ಮನಿರುವುದು ಬೇರೆ. ಗೊತ್ತಿದ್ದರೆ ಮಾತಾಡುವಾಗ ಗಟ್ಟಿ ನಿಲ್ಲಬಹುದು.

ಪತ್ರ ಮತ್ತು ಮಾತುಕತೆ

ಮಾರನೇ ದಿನ ಒಂದು ಪುಟದ ಪತ್ರ ಬರೆದೆವು. ಕನ್ನಡದಲ್ಲೇ. ಬೈಗುಳ ಇಲ್ಲ. ಯಾವಾಗ ಕೊಟ್ಟಿದ್ದು, ಎಷ್ಟು ಅಡ್ವಾನ್ಸ್, ಏನೇನು ಹೇಳಿದರು, ಕವರ್ ಬಿಚ್ಚಿರಲಿಲ್ಲ ಅನ್ನುವುದು. ಕೊನೆಯಲ್ಲಿ ಎರಡು ಬೇಡಿಕೆ: ಇಂಥ ತಾರೀಕಿನ ಒಳಗೆ ಎಂಜಿನ್ ಮತ್ತು ಅಡ್ವಾನ್ಸ್ ವಾಪಸ್ ಕೊಡಿ, ಇಲ್ಲವೇ ಬಿಚ್ಚಿ ನೋಡಿ ಏನಾಗಿದೆ ಅಂತ ಬರೆದುಕೊಡಿ. ಎರಡು ಪ್ರತಿ ತೆಗೆದು, ಒಂದರ ಮೇಲೆ "ತಲುಪಿದೆ" ಅಂತ ಹುಡುಗನ ಕೈಲಿ ಸಹಿ ಹಾಕಿಸಿ, ತಾರೀಕು ಬರೆಸಿದೆವು. ವಾಟ್ಸಾಪಿಗೆ ಅದರ ಫೋಟೊ ಕಳಿಸಿದೆವು.

ಅದೇ ಸಂಜೆ ಓನರ್ ಫೋನ್ ಮಾಡಿದರು. ಅಷ್ಟು ದಿನ ಬಾರದ ಫೋನ್ ಒಂದು ಪುಟದ ಕಾಗದಕ್ಕೆ ಬಂತು. ಅಂಗಡಿಗೆ ಹೋದಾಗ ಕೂರಲು ಕುರ್ಚಿ ತರಿಸಿ, ಕಾಫಿ ಹೇಳಿ, ಕ್ಷಮೆ ಕೇಳಿದರು. ಅವರ ಮಾತನ್ನೂ ಇಲ್ಲಿ ಬರೆಯುವುದು ನ್ಯಾಯ. ಮಾಡೆಲ್ ರೈಲು ತರುವವರು ಊರಲ್ಲಿ ಬೆರಳೆಣಿಕೆ. ರಿಪೇರಿಯಲ್ಲಿ ಅವರಿಗೆ ಉಳಿಯುವುದು ಏನೂ ಇಲ್ಲ. ಅಂಗಡಿಯ ಬಾಡಿಗೆ ಕಟ್ಟುವುದು ಪ್ರಾಜೆಕ್ಟ್ ಹುಡುಗರು ಕೊಳ್ಳುವ ಮೋಟಾರ್, ಸೆನ್ಸರ್‌ಗಳಿಂದ. "ಆಗಲ್ಲ ಅಂದರೆ ಗಿರಾಕಿ ಇನ್ನು ಈ ಕಡೆ ಬರಲ್ಲ ಅಂತ ಹೆದರಿಕೆ ಸಾರ್. ಅದಕ್ಕೇ ಎಲ್ಲಾ ಇಸ್ಕೊಳ್ಳಿ ಅಂದಿದ್ದೆ" ಅಂದರು.

ಆ ಮಾತಿನಲ್ಲಿ ಮೋಸ ಇರಲಿಲ್ಲ. ಭಯ ಇತ್ತು. ಆದರೆ ಭಯಪಟ್ಟಿದ್ದು ತಪ್ಪು ವಿಷಯಕ್ಕೆ. ಮೊದಲ ದಿನವೇ "ಸಾರ್, ಇದು ನಮ್ಮ ಕೈಲಿ ಆಗಲ್ಲ, ಗೇರು ಅಮೆರಿಕದಿಂದ ತರಿಸಬೇಕು, ಯಾರಾದರೂ ಬರುವವರಿದ್ದರೆ ಹೇಳಿ" ಅಂದಿದ್ದರೆ ದೊಡ್ಡಪ್ಪ ಅವರಿಗೆ ಕೈಮುಗಿದು ಬರುತ್ತಿದ್ದರು. ದಸರಾಕ್ಕೆ ಮುಂಚೆ ಬೇರೆ ದಾರಿ ಹುಡುಕಲು ಸಮಯವೂ ಇರುತ್ತಿತ್ತು. ದೊಡ್ಡಪ್ಪ ಇದನ್ನೇ ಅವರಿಗೆ ಹೇಳಿದರು: "ನೋಡಪ್ಪ, ನಮ್ಮ ವರ್ಕ್‌ಶಾಪಿಗೆ ಬೋಗಿ ಬಂದರೆ ಮೊದಲು ಮಾಡುತ್ತಿದ್ದ ಕೆಲಸ ಬಿಚ್ಚಿ ನೋಡಿ ಬರೆದಿಡೋದು. ರಿಪೇರಿ ಆಮೇಲೆ."

ಅಡ್ವಾನ್ಸ್ ಅಲ್ಲೇ ವಾಪಸ್ ಕೊಟ್ಟರು. ಎಂಜಿನ್ ಮನೆಗೆ ಬಂತು. ಭಾನುವಾರ ಬಿಳಿ ಟವಲ್ ಹಾಸಿ, ಗಡಿಯಾರದವರ ಸ್ಕ್ರೂಡ್ರೈವರ್‌ನಿಂದ ದೊಡ್ಡಪ್ಪ ಹೇಳಿದ ಹಾಗೆ ನಾನೇ ಬಿಚ್ಚಿದೆ. ಭೂತಗನ್ನಡಿಯಲ್ಲಿ ನೋಡಿದರೆ ಗೇರಿನ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಸೀಳು, ಎರಡು ಹಲ್ಲುಗಳ ನಡುವಿನ ತಗ್ಗಿನಲ್ಲಿ. ಉಗುರಿನಿಂದ ಒತ್ತಿದರೆ ಬಾಯಿ ಬಿಡುತ್ತಿತ್ತು. ಬಿಚ್ಚಿ ನೋಡಲು ಹಿಡಿದ ಸಮಯ ಒಂದು ಕಾಫಿ ಆರುವಷ್ಟು. ಹಲ್ಲು ಎಣಿಸಿ, ಆಕ್ಸಲ್ ದಪ್ಪ ಅಳೆದು ಬರೆದುಕೊಂಡೆವು. ಅಮೆರಿಕದಲ್ಲಿರುವ ನಮ್ಮ ಅಣ್ಣ ಸಂಕ್ರಾಂತಿಗೆ ಬರುವಾಗ ಒಂದು ಪ್ಯಾಕೆಟ್ ಗೇರು ತಂದ. ಈಗ ಎಂಜಿನ್ ಓಡುತ್ತದೆ.

ಏನು ಬದಲಾಗಬಹುದು

ಇಂಥ ಅಂಗಡಿಯವರು ಯಾರಾದರೂ ಓದುತ್ತಿದ್ದರೆ ಅವರಿಗೆ ಒಂದು ಮಾತು. ದುಬಾರಿ ಸಾಫ್ಟ್‌ವೇರ್ ಬೇಡ. ಎರಡು ಪ್ರತಿ ಬರುವ ಒಂದು ಬಿಲ್ ಪುಸ್ತಕ ಸಾಕು. ಸಾಮಾನು ಕೊಟ್ಟವರ ಹೆಸರು, ದೋಷ, ಅಡ್ವಾನ್ಸ್, ಅದರ ಜೊತೆಗೆ "ಬಿಚ್ಚಿ ನೋಡಿ ಹೇಳುವ ದಿನ" ಅಂತ ಒಂದು ತಾರೀಕು. ರಿಪೇರಿ ಮುಗಿಯುವ ದಿನವನ್ನು ಯಾರೂ ಖಚಿತವಾಗಿ ಹೇಳಲಾರರು. ಬಿಚ್ಚಿ ನೋಡುವ ದಿನವನ್ನು ಎಲ್ಲರೂ ಹೇಳಬಹುದು. ಆ ಒಂದು ದಿನವನ್ನು ಉಳಿಸಿಕೊಂಡರೆ ಅರ್ಧ ಜಗಳ ಕೌಂಟರಿಗೇ ಬರುವುದಿಲ್ಲ. ನಮ್ಮ ಸೆಂಟರ್‌ನಲ್ಲಿ ಇದನ್ನು ಮಾಡಿ ನೋಡಿದ್ದೇವೆ. ಗಿರಾಕಿಗೆ ಕೆಟ್ಟ ಸುದ್ದಿ ಬೇಗ ಹೇಳಿದಾಗ ಅವರು ಬೈಯುವುದು ಕಡಿಮೆ.

ಡಬ್ಬ ತುಂಬಿದ ಮೇಲೆ ಹೊಸದನ್ನು ಇಸ್ಕೊಳ್ಳಬೇಡಿ. "ಈಗ ಕೈ ತುಂಬ ಕೆಲಸ ಇದೆ, ಮುಂದಿನ ತಿಂಗಳು ತನ್ನಿ" ಅಂದರೆ ಯಾರ ಮಾನವೂ ಹೋಗುವುದಿಲ್ಲ. ಕೌಂಟರಿನ ಹುಡುಗನಿಗೆ "ಆಗಲ್ಲ" ಅನ್ನುವ ಅನುಮತಿ ಕೊಡಿ. ವಯಸ್ಸಾದವರಿಗೆ ಒಂದು ಸ್ಟೂಲ್ ಇಡಿ.

ಕೊಡುವವರಿಗೂ ಒಂದಷ್ಟು. ಬರಹದಲ್ಲಿ ರಸೀದಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಕೊಡುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. "ಯಾವಾಗ ಆಗುತ್ತೆ?" ಅಂತ ಕೇಳಿದರೆ "ಮುಂದಿನ ವಾರ" ಅನ್ನುವುದು ಬಾಯಿಗೆ ಸುಲಭ. "ಬಿಚ್ಚಿ ನೋಡಿದಿರಾ? ಏನಾಗಿದೆ?" ಅಂತ ಕೇಳಿ. ಎರಡನೇ ಸಲವೂ ಸ್ಪೇರ್ ಅನ್ನುವ ಉತ್ತರ ಬಂದರೆ ಯಾವ ಸ್ಪೇರ್, ಯಾವತ್ತು ಆರ್ಡರ್ ಮಾಡಿದ್ದು ಅಂತ ಕೇಳಿ. ನಿಮ್ಮ ವಸ್ತುವನ್ನು ನೋಡಲು ಕೇಳುವುದು ನಿಮ್ಮ ಹಕ್ಕು.

ಆ ಅಂಗಡಿಯಲ್ಲಿ ಈಗ ಬಿಲ್ ಪುಸ್ತಕ ಬಂದಿದೆ. ಮೊನ್ನೆ ಹಳಿ ಜೋಡಿಸುವ ಜಾಯಿನರ್ ತರಲು ಹೋದಾಗ ನೋಡಿದೆ. ರಿಪೇರಿ ಸಾಮಾನು ಬುಧವಾರ, ಶನಿವಾರ ಮಾತ್ರ ತೆಗೆದುಕೊಳ್ಳುತ್ತಾರಂತೆ, ಬೋರ್ಡ್ ಹಾಕಿದ್ದಾರೆ. ಹಳೇ ಡಬ್ಬ ಇನ್ನೂ ಹಾಗೇ ಇದೆ. ಅದರಲ್ಲಿ ಚೀಟಿ ಇಲ್ಲದ ಸಾಮಾನುಗಳ ಯಜಮಾನರು ಯಾರು ಅಂತ ಅವರಿಗೂ ತಿಳಿಯದು. ಒಂದೊಂದರ ಫೋಟೊ ತೆಗೆದು ಬಾಗಿಲಿಗೆ ಅಂಟಿಸಿ, ಗುರುತು ಹೇಳಿದವರಿಗೆ ಕೊಡಿ ಅಂದೆ. ಮಾಡ್ತೀನಿ ಅಂದಿದ್ದಾರೆ. ನೀವು ಮೈಸೂರಿನಲ್ಲಿ ಯಾವುದಾದರೂ ಹಾಬಿ ಅಂಗಡಿಗೆ ಹಿಂದೆಂದೋ ಏನಾದರೂ ಕೊಟ್ಟು ಮರೆತಿದ್ದರೆ ಒಂದು ಸಲ ಹೋಗಿ ಕೇಳಿ.